ಆರಿಸದೆ ಬಿಟ್ಟು ಬಂದ ಮೂರು ಒಲೆಗಳು

ಬಾಡಿಗೆಗೆ ಪಡೆದ ಕಂಪ್ಯೂಟರು ನೀವು ಮುಟ್ಟದಿದ್ದರೂ ಬಾಡಿಗೆ ಎಣಿಸುತ್ತಲೇ ಇರುತ್ತದೆ. ಕ್ಲೌಡ್ ಅಂತ ಎಷ್ಟು ಹಗುರವಾಗಿ ಕರೆದರೂ ಅಷ್ಟೇ. ಇದು ನಿಮಗೆ ಗೊತ್ತಿರಬೇಕಿತ್ತು. ಮಾಡದಕೆರೆಯ ಜಯಶೀಲಾಗೂ ಗೊತ್ತಿತ್ತು. ಗೊತ್ತಿದ್ದೂ ಮರೆತಳು. ಮರೆತದ್ದು ಹೇಗೆ ಅನ್ನೋದು ಮಾತ್ರ ನನಗೆ ಬಹಳ ಇಷ್ಟ.

ಅವಳು ಕುರಿಗಾರರ ಮನೆಯವಳು. ಇವರ ಮಂದೆ ಊರೂರಿನ ಹೊಲ, ತೋಟಗಳಲ್ಲಿ ತಂಗುತ್ತದೆ. ಗೊಬ್ಬರ ರೈತನಿಗೆ, ಕಾಳು ಕಾಸು ಕುರಿಗಾರನಿಗೆ. ನಡುವೆ ದಲ್ಲಾಳಿಗಳು ಕೂತು ಎರಡೂ ಕಡೆ ತಿನ್ನುತ್ತಿದ್ದರು. ನೋಡಲಾರದೆ ಜಯಶೀಲಾ ಒಂದು ಆ್ಯಪ್ ಕಟ್ಟಿದಳು. ತೋಟದವನು ಮಂದೆ ಬೇಕೆಂದು ಒತ್ತುತ್ತಾನೆ, ಹತ್ತಿರದ ಕುರಿಗಾರ ಹೂಂ ಅನ್ನುತ್ತಾನೆ, ದಲ್ಲಾಳಿ ಮನೆಯಲ್ಲಿ ಮಲಗುತ್ತಾನೆ. ಆ್ಯಪ್ ನಡೆಸುವುದು ಕುರಿಗಾರರೂ ರೈತರೂ ಸೇರಿ ಕಟ್ಟಿದ ಸಂಘ. ಹೊಸದುರ್ಗದಲ್ಲಿ ಸೈಕಲ್ ಶಾಪಿನ ಮೇಲಿನ ಕೋಣೆಯೇ ಅವಳ ಆಫೀಸು.

ಕ್ಲೌಡ್ ಬಾಡಿಗೆ ಏರುತ್ತಾ ಹೋಯಿತು. ಸಂಘದ ಖಜಾಂಚಿ ಏಕಾಂತಪ್ಪ, ತೆಂಗಿನ ತೋಟದವರು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

“ಏನವ್ವಾ, ಇದ್ಯಾವ ಮೋಡನಪ್ಪ, ಮಳೆ ಇಲ್ಲ, ಬರೀ ಬಿಲ್ ಸುರಿತೈತೆ. ಯಾಕೆ ಅಂತ ಸೋಮವಾರದ ಮೀಟಿಂಗಿಗೆ ಹೇಳು. ಇಲ್ಲಾಂದ್ರೆ ಆ್ಯಪ್ ಮುಚ್ಚಾಣ.”

ಮುಚ್ಚಿದರೆ ಮರುದಿನವೇ ದಲ್ಲಾಳಿಗಳು ಎದ್ದು ಕೂರುತ್ತಾರೆ. ಅವಳಿಗೆ ಅದೇ ಸಂಕಟ.

ಆ್ಯಪ್‌ನ ಕೋಡೆಲ್ಲ ಇಂಟರ್ನೆಟ್ಟಿನ ಒಂದು ಖಾತೆಯಲ್ಲಿರುತ್ತದೆ. ಎಂಥ ಕಂಪ್ಯೂಟರು ಬೇಕು, ಎಷ್ಟು ಬೇಕು ಎಂಬುದನ್ನೂ ಅವಳು ಅಲ್ಲೇ ಬರೆದಿಟ್ಟಿದ್ದಳು. ಅದನ್ನು ಓದಿ, ಯಾವುದಕ್ಕೆಷ್ಟು ಖರ್ಚೆಂದು ಹೇಳುವ ಬೇರೊಂದು ಸೇವೆ ಇದೆ. ಎರಡನ್ನೂ ಜೋಡಿಸಿದರೆ ಕಾರಣ ಸಿಗುತ್ತದೆ. ಖಾತೆ ಇದ್ದದ್ದು ಸಂಘದ ಅಧ್ಯಕ್ಷ, ಅವಳ ಸೋದರಮಾವ ಗುಡ್ಡಪ್ಪನ ಹೆಸರಲ್ಲಿ. ಓಟಿಪಿ ಬರುವುದೂ ಅವನ ಫೋನಿಗೇ. ಊರಾಚೆ ಕುರಿ ಮೇಯಿಸುತ್ತಿದ್ದವನನ್ನು ಕರೆಸಿದಳು; ಅವನು ಬರುವವರೆಗೂ ಏಕಾಂತಪ್ಪ ಅಲ್ಲೇ ಕೂತರು.

“ಮಾವ, ಓಟಿಪಿ ಬಂದೈತೆ ನೋಡು. ಹೇಳು.”

“ಹೇಳಲ್ಲ.”

“ಯಾಕೆ?”

“ಯಾರಿಗೂ ಹೇಳಬ್ಯಾಡ, ನಾನು ಕೇಳಿದ್ರೂ ಹೇಳಬ್ಯಾಡ ಅಂತ ನೀನೇ ಆಣೆ ಹಾಕಿಸ್ಕಂಡಿದ್ದೆ. ಸರಿ ಅತ್ಲಾಗೆ, ನಾನೇ ಒತ್ತತೀನಿ.”

ಏಕಾಂತಪ್ಪ ನಕ್ಕೂ ನಕ್ಕೂ ಕೆಮ್ಮಿದರು. ಗುಡ್ಡಪ್ಪ ಒಂದೊಂದೇ ಅಂಕಿಯನ್ನು ಉಣ್ಣೆ ಹಿಂಜಿದಂತೆ ಹುಡುಕಿ ಒತ್ತಿದ.

ಆಗ ಪರದೆ ಕೇಳಿತು: ಖಾತೆಯೊಳಗಿನ ಎಲ್ಲ ಕೋಡನ್ನೂ ಓದಲು ಬಿಡುತ್ತೀರೋ, ಆರಿಸಿದ್ದನ್ನು ಮಾತ್ರವೋ?

“ಎಲ್ಲಾ ಅಂತ ಒತ್ತವ್ವ, ಮುಗೀತೈತೆ,” ಅಂದರು ಏಕಾಂತಪ್ಪ.

“ಮೀಟರ್ ನೋಡಾಕೆ ಬಂದೋನ ಕೈಗೆ ಬೀರು ಚಾವಿನೂ ಕೊಡ್ತೀರಾ ಯಜಮಾನ್ರೇ? ಯಾವ ಮಂದೆ ಎಲ್ಲೈತೆ ಅಂತ ಗುರುತು ಹಿಡಿಯೋ ಕೋಡೂ ಇದ್ರಾಗೇ ಐತೆ. ಖರ್ಚು ನೋಡೋರಿಗೆ ಅದ್ಯಾಕೆ?”

ಅವಳು ಕಂಪ್ಯೂಟರುಗಳ ಪಟ್ಟಿ ಬರೆದಿಟ್ಟಿದ್ದ ಒಂದನ್ನು ಮಾತ್ರ ಆರಿಸಿದಳು. ಸಿಕ್ಕ ಸಿಕ್ಕಲ್ಲಿ ಒಪ್ಪಿಗೆ ಒತ್ತುವ ವಿದ್ಯಾವಂತರೇ, ಕೇಳಿಸಿತೇ?

ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಮೂರು ಹೆಸರು ಎದ್ದು ಬಂದವು. ಮಾಡದಕೆರೆ. ರಾಮಗಿರಿ. ಹಾಲುರಾಮೇಶ್ವರ. ಬಾಡಿಗೆಯ ಬಹುಪಾಲು ಇವುಗಳದೇ. ಆ್ಯಪ್ ಪರೀಕ್ಷಿಸಲೆಂದು ಪಡೆದ ಕಂಪ್ಯೂಟರುಗಳಿಗೆ ಆಗ ಮಂದೆ ತಂಗಿದ್ದ ಊರುಗಳ ಹೆಸರಿಟ್ಟಿದ್ದಳು. ಪರೀಕ್ಷೆ ಮುಗಿದು, ಮಂದೆ ಎದ್ದು ಹೋಗಿ, ಮಳೆಗಾಲವೂ ಕಳೆದಿತ್ತು. ಅವು ಇನ್ನೂ ಓಡುತ್ತಲೇ ಇದ್ದವು.

“ಅಯ್ಯೋ ಶಿವನೇ,” ಜಯಶೀಲಾ ಹಣೆ ಹಿಡಿದುಕೊಂಡಳು. “ಒಲೆ ಹಂಗೇ ಬಿಟ್ಟು ಬಂದೀನಿ ಮಾವ!”

ಇವರ ಮನೆತನದಲ್ಲೊಂದು ಕಟ್ಟಳೆ. ಮಂದೆ ಎತ್ತುವಾಗ ಒಲೆಗೆ ನೀರು ಹಾಕಬಾರದು, ಕೆಂಡ ತಾನಾಗಿಯೇ ಬೂದಿಯಾಗಬೇಕು. ನೀರು ಹಾಕಿದರೆ ಆ ಹೊಲ ಮತ್ತೆ ಕರೆಯುವುದಿಲ್ಲವಂತೆ. ಚಿಕ್ಕಂದಿನಿಂದ ಒಲೆ ಬಿಟ್ಟು ನಡೆದವಳಿಗೆ, ಕೆಲಸ ಮುಗಿದ ಕಂಪ್ಯೂಟರೂ ಸುಮ್ಮನಾಗುತ್ತದೆಂಬ ಭಾವ ಮೈಗೇ ಹತ್ತಿತ್ತು.

“ಲೇ, ನನ್ ತಲೆಗೆ ಕಟ್ಟಬ್ಯಾಡ,” ಗುಡ್ಡಪ್ಪ ಕೈಯಾಡಿಸಿದ. “ನಾನು ಹೇಳಿದ್ದು ಸೌದೆ ಒಲೆಗೆ!”

ಅವಳು ಮೂರನ್ನೂ ಕೋಡಿನಿಂದ ಅಳಿಸಿ, ಬದಲಾದದ್ದನ್ನು ಖಾತೆಗೆ ಕಳಿಸಿದಳು. ಈಗಷ್ಟೇ ಜೋಡಿಸಿದ ಸೇವೆ, ಆ ಬದಲಾವಣೆಯ ಕೆಳಗೇ ಉತ್ತರ ಬರೆಯಿತು: ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇನ್ನು ಮುಂದೆ ಅವಳು ಏನು ಬದಲಿಸಿದರೂ, ಖರ್ಚೆಷ್ಟೆಂದು ಮೊದಲೇ ಹೀಗೆ ಹೇಳುತ್ತದೆ.

ಏಕಾಂತಪ್ಪ ಕನ್ನಡಕ ಹಾಕಿ ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. “ಮೀಟಿಂಗಿನಾಗೆ ಇದನ್ನೇ ತೋರ್ಸು. ಆ್ಯಪ್ ಇರ್ಲಿ. ಮೊದ್ಲು ನನ್ ತೋಟಕ್ಕೆ ಮಂದೆ ಕಳ್ಸು.”

“ಆ್ಯಪ್‌ನಾಗೆ ಕೇಳ್ರಿ ಯಜಮಾನ್ರೇ. ಪಾಳಿ ಐತೆ.”

ಸೋಮವಾರ ಆ್ಯಪ್ ಉಳಿಯಿತು. ದಲ್ಲಾಳಿಗಳು ಇನ್ನೂ ಮಲಗಿದ್ದಾರೆ, ಮಲಗಿರಲಿ.

ಜಯಶೀಲಾಗೆ ಮರೆಯಲು ಒಂದು ಕಟ್ಟಳೆಯ ನೆಪವಾದರೂ ಇತ್ತು. ನಿಮಗೇನಿದೆ? ಕಚೇರಿಯ ದುಡ್ಡು, ಸಂಘದ ದುಡ್ಡು, ಜನರ ದುಡ್ಡು ಸುಡುವ ಎಷ್ಟು ಒಲೆ ಹೊತ್ತಿಸಿ ಬಂದಿದ್ದೀರಿ? ಓದಿದ್ದು ಸಾಕು. ಎದ್ದು ಹೋಗಿ ಆರಿಸಿ.