ತೆಂಗಿನಕಾಯಿ ತೀರುವ ತನಕ

ಕಮಟಾದ ಕೊಬ್ಬರಿಯ ವಾಸನೆ ಯಾರಿಗೆ ತಾನೇ ಬೇಕು? ಮೊನ್ನೆ ನಮ್ಮ ಅತ್ತೆ ಅಡುಗೆಮನೆಯ ಮೇಲಿನ ಹಲಗೆಯಿಂದ ಹಳೆಯ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದರು. ಯಾವಾಗಲೋ ಇಟ್ಟು ಮರೆತಿದ್ದ ಕೊಬ್ಬರಿ ಬಟ್ಟಲುಗಳು ಹಳದಿಗಟ್ಟಿದ್ದವು, ಹಳೇ ಎಣ್ಣೆಯ ಆ ನಾತ ಮನೆಯೆಲ್ಲ ತುಂಬಿತು. ತಿಪ್ಪೆಗೆ ಒಗೆದು ಬಾ ಎಂದು ನನ್ನ ಕೈಗೆ ಕೊಟ್ಟರು. ಹಿತ್ತಲಿಗೆ ಹೋದವಳು ಒಗೆಯದೆ, ಮೂಗಿನ ಹತ್ತಿರ ಹಿಡಿದುಕೊಂಡು ನಿಂತುಬಿಟ್ಟೆ. "ಏನವಾ, ಕಮಟ ಕೊಬ್ಬರಿ ಮೂಸಕೋಂತ ನಿಂತೀಯಲ್ಲ, ಬಯಕಿ ಗಿಯಕಿ ಏನರ?" ಎಂದು ಅತ್ತೆ ಒಳಗಿನಿಂದ ನಕ್ಕರು. ಬಯಕೆಯೂ ಇಲ್ಲ, ಮಣ್ಣೂ ಇಲ್ಲ. ಬೈಲಹೊಂಗಲದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು, ಮತ್ತೆ ರೊಟ್ಟಿ ಬಡಿಯುವುದು. ನೆನಪು ಮಾಡಿಕೊಳ್ಳಲಿಕ್ಕೂ ದಣಿವು. ಆದರೂ ಆ ನಾತಕ್ಕೆ ನಮ್ಮ ಉಗರಗೋಳದ ತವರುಮನೆ ಎದ್ದು ಬಂದು ಎದುರಿಗೆ ನಿಂತಿತು. ನನ್ನ ವಯಸ್ಸಿನವಳು ಹಳೆಯ ದಿನಗಳು ಅಂದರೆ ನೀವು ನಗುತ್ತೀರೇನೋ, ನಗಿರಿ. ಒಂದು ಮನೆ ಇಲ್ಲವಾಗುವುದಕ್ಕೆ ಬಹಳ ವರ್ಷಗಳೇನೂ ಬೇಕಾಗಿಲ್ಲ, ಅದು ನಿಮಗೂ ಗೊತ್ತಿರಬೇಕು.

ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಹಾದಿಯಿಂದ ಸ್ವಲ್ಪ ಒಳಗೆ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ, ಅಪ್ಪ, ಅವ್ವ, ನಾನು. ಅಪ್ಪನ ತಮ್ಮ ಮಲ್ಲೇಶಿ ಕಾಕಾ, ಅವನ ಹೆಂಡತಿ ಚಿಗವ್ವ, ಅವರ ಪುಟ್ಟ ಮಗಳು ಪಾರಿ. ಅಪ್ಪ ಹೊಲ ಮಾಡುತ್ತಿದ್ದ. ಕಾಕಾ ಗುಡ್ಡದ ಬುಡದಲ್ಲಿ ಅಂಗಡಿ ಇಟ್ಟಿದ್ದ. ದೇವಿಗೆ ಬರುವವರಿಗೆ ತೆಂಗಿನಕಾಯಿ, ಭಂಡಾರದ ಅರಿಸಿನ, ಊದಿನಕಡ್ಡಿ, ಕರ್ಪೂರ ಮಾರುತ್ತಿದ್ದ. ಮನೆಗೆ ಜೋಳ ಅಪ್ಪನಿಂದ, ರೊಕ್ಕ ಕಾಕಾನಿಂದ. ಅದರಲ್ಲಿ ಯಾವುದು ಹೆಚ್ಚು ಅಂತ ಯಾರೂ ಕೇಳಿರಲಿಲ್ಲ. ಆ ವರ್ಷ ಭರತ ಹುಣ್ಣಿಮೆಯ ಜಾತ್ರೆಯ ವ್ಯಾಪಾರ ಮುಗಿಸಿ ಬಂದ ಕಾಕಾ, ಹೊಲದಲ್ಲಿ ಬೋರು ಹಾಕಿಸುವ ಮಾತಿಗೆ ಸಿಡಿದುಬಿದ್ದ. "ಬಿಸಲಾಗ ಕುಂತು ನಾ ಗಳಿಸಿದ್ದೆಲ್ಲಾ ನಿನ್ನ ಹೊಲದಾಗ ಹುಗೀಲೇನು?" ಅಂದ. ಅಪ್ಪನೂ ಕಡಿಮೆಯವನಲ್ಲ, "ಹಂಗಾರ ಬ್ಯಾರೆ ಆಗು" ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯುಗಾದಿಯ ದಿನ ಊರ ಹಿರಿಯರನ್ನೂ ದೊಡವಾಡದಲ್ಲಿದ್ದ ಅಪ್ಪನ ಸೋದರಮಾವನನ್ನೂ ಕೂರಿಸಿಕೊಂಡು ಹಿಸೆ ಮಾಡುವುದು ಅಂತಾಯಿತು. ಹಿಸೆ ಅಂದರೆ ಹೊಲ, ಮನೆ, ಒಲೆ ಮೂರೂ ಎರಡೆರಡಾಗುವುದು. ಆಮೇಲೆ ಅಣ್ಣ ತಮ್ಮ ಮಾತು ಬಿಟ್ಟರು. ಆಯಿ ಮಾತ್ರ ಒಂದು ಸಂಜೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, "ಎಲ್ಲಾ ಹಂಚಕೊಳ್ರೆಪಾ. ನನ್ನ ಹೆಂಗ ಹಂಚತೀರಿ?" ಎಂದು ಕೇಳಿದಳು.

ಯುಗಾದಿಯ ದಿನವೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬಸ್ಸಿಲ್ಲ, ದೊಡವಾಡದ ಮಾವ ಬರುವಂತಿಲ್ಲ, ಊರ ಹಿರಿಯರು ತಮ್ಮ ತಮ್ಮ ಮನೆಯ ಕಟ್ಟೆ ಇಳಿಯುವಂತಿಲ್ಲ. ಹಿರಿಯರಿಲ್ಲದೆ, ಸೋದರಮಾವನಿಲ್ಲದೆ ಹಿಸೆ ಮಾಡಿದರೆ ಅದು ಹಿಸೆಯಲ್ಲ, ಜಗಳ. ಆಯಿಯ ಮುಖ ಆ ದಿನ ಎಷ್ಟು ದಿವಸದ ಮೇಲೆ ಅರಳಿತ್ತೋ! ಜಗತ್ತಿಗೆಲ್ಲ ರೋಗ ಬಂದಾಗ ಖುಷಿಪಟ್ಟ ಮುದುಕಿ ನಮ್ಮ ಮನೆಯಲ್ಲಿ ಮಾತ್ರ ಇದ್ದಳೇನೋ. ಬೇವು ಬೆಲ್ಲ ಎಲ್ಲರ ಕೈಗೂ ತಾನೇ ಕೊಟ್ಟು, "ಹಿರ್ಯಾರು ಬರೂತನಕ ಒಂದ ಒಲಿ" ಎಂದು ಹೇಳಿದಳು. ಚಿಗವ್ವ ಬೇರೆ ಅಡುಗೆಗೆಂದು ತಂದಿದ್ದ ಹೊಸ ಗ್ಯಾಸಿನ ಒಲೆ ಪೆಟ್ಟಿಗೆಯಲ್ಲೇ ಉಳಿಯಿತು. ನನ್ನ ಒಂಬತ್ತನೆಯ ತರಗತಿಯ ಪರೀಕ್ಷೆಯೂ ಆಗಲಿಲ್ಲ, ಬರೆಯದೆಯೇ ಪಾಸಾದೆ. ಎಲ್ಲ ಕಡೆಯಿಂದಲೂ ಪುಕ್ಕಟೆ ಸಿಕ್ಕಿದ ದಿನಗಳು ಅವು.

ಆದರೆ ಕಾಕಾನ ಪಾಲಿಗೆ ಹಾಗಿರಲಿಲ್ಲ. ದವನದ ಹುಣ್ಣಿಮೆಗೆ ಲಕ್ಷ ಮಂದಿ ಸೇರುತ್ತಾರೆಂದು ಅವನು ತೆಂಗಿನಕಾಯಿ ಚೀಲಗಟ್ಟಲೆ ತುಂಬಿಸಿಟ್ಟಿದ್ದ. ಗುಡಿ ಮುಚ್ಚಿತು, ಅಂಗಡಿ ಮುಚ್ಚಿತು. ಚಕ್ಕಡಿ ಹೂಡಿ ಸರಕನ್ನೆಲ್ಲ ಮನೆಗೆ ತಂದು ಪಡಸಾಲೆಯಲ್ಲಿ ಒಟ್ಟಿದಾಗ ನಮಗೆ ಕಾಲಿಡಲು ಜಾಗವಿರಲಿಲ್ಲ. ಭಂಡಾರ, ಕರ್ಪೂರ, ಕಾಯಿಯ ಜುಟ್ಟಿನ ದೂಳು ಎಲ್ಲ ಸೇರಿ ಮನೆಯೇ ಗುಡಿಯ ವಾಸನೆ ಹೊಡೆಯತೊಡಗಿತು. ಬಿಸಿಲಿಗೆ ಕಾಯಿ ಕೆಡುವ ಮೊದಲು ತಿನ್ನಬೇಕಲ್ಲ? ಶುರುವಾಯಿತು ನೋಡಿ. ಜುಣಕದಲ್ಲಿ ಕಾಯಿ, ಎಣ್ಣೆಗಾಯಿಯಲ್ಲಿ ಕಾಯಿ, ಹೆಸರುಕಾಳಿನಲ್ಲಿ ಕಾಯಿ, ಶೇಂಗಾ ಚಟ್ನಿಯ ಜಾಗದಲ್ಲಿ ಕಾಯಿ ಚಟ್ನಿ. ಅಪ್ಪ ಒಂದು ದಿನ ರೊಟ್ಟಿ ಮುರಿಯುತ್ತ ಗೊಣಗಿದ: "ನಾವೇನು ಘಟ್ಟದ ಕೆಳಗಿನ ಮಂದಿ ಆದಿವೇನು?" ಅವ್ವ ಅದಕ್ಕೆ ಕಿವಿಗೊಡಲಿಲ್ಲ. ಬಡಿಸುವಾಗ ಪ್ರತಿ ಊಟಕ್ಕೂ, ಎಲ್ಲರಿಗೂ ಕೇಳುವ ಹಾಗೆ, "ಮಲ್ಲೇಶಪ್ಪನ ಕಾಯಿ ಹಾಕೇನಿ, ಉಣ್ರಿ" ಅನ್ನುತ್ತಿದ್ದಳು. ಅವಳು ಹಾಗೇಕೆ ಅನ್ನುತ್ತಾಳೆಂದು ನನಗೆ ಮೊದಲು ತಿಳಿಯಲಿಲ್ಲ. ಅಂಗಡಿ ಮುಚ್ಚಿದ ಕಾಕಾ ಅಣ್ಣನ ಜೋಳದ ರೊಟ್ಟಿಯನ್ನು ತಲೆಯೆತ್ತಿ ತಿನ್ನಬೇಕಾದರೆ ಪಲ್ಯದಲ್ಲಿ ಅವನದೂ ಏನಾದರೂ ಇರಬೇಕಿತ್ತು. ಅವ್ವನಿಗೆ ಅದು ಗೊತ್ತಿತ್ತು. ಆ ಮಾತು ಬಿದ್ದ ಮೇಲೆಯೇ ಕಾಕಾ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದ.

ಗುಡ್ಡ ಹತ್ತುವುದನ್ನು ಶುರುಮಾಡಿದವಳೂ ಆಯಿಯೇ. ಮನೆಯೊಳಗೆ ಮಾತು ಬಿಟ್ಟ ಅಣ್ಣ ತಮ್ಮ, ಅಂಗಡಿಗೆ ಹೋಗೋಣವೆಂದು ಅಳುವ ಪಾರಿ, ಇದನ್ನೆಲ್ಲ ನೋಡಿ ಸಾಕಾಗಿ, "ಏ, ಎಲ್ಲಾರೂ ಎದ್ದು ಹೊಲದ ಹಿಂದಿನ ಗುಡ್ಡಕ್ಕ ಹೋಗಿ ಬರ್ರಿ, ಮನಿ ಒಂದ ಗಳಿಗಿ ಉಸರ ಬಿಡ್ಲಿ" ಎಂದು ಬೈದು ಅಟ್ಟಿದಳು. ದೊಡ್ಡ ರಸ್ತೆಗೆ ಹೋದರೆ ಪೊಲೀಸರ ಲಾಠಿ. ಹೊಲದ ಹಿಂದೆ ಯಾರು ಕೇಳುತ್ತಾರೆ? ಬಿಸಿಲು ಇಳಿಯುವ ಹೊತ್ತಿಗೆ ಹೊರಡುತ್ತಿದ್ದೆವು. ಮುಂದೆ ಕೋಲು ಹಿಡಿದ ಅಪ್ಪ, ಕೊನೆಗೆ ಪಾರಿಯನ್ನು ಹೆಗಲಿಗೇರಿಸಿಕೊಂಡ ಕಾಕಾ, ಅವರಿಬ್ಬರ ನಡುವೆ ಎಷ್ಟು ದೂರ ಬಿಡಲು ಸಾಧ್ಯವೋ ಅಷ್ಟು ದೂರ. ಮಧ್ಯದಲ್ಲಿ ನಾವು ಹೆಂಗಸರು, ಚುರಮುರಿಯ ಗಂಟು ಹೊತ್ತುಕೊಂಡು. ಅದರಲ್ಲೂ ಕಾಯಿಚೂರು, ಮತ್ತೇನು! ಹಗಲೆಲ್ಲ ಕಾದ ಕಲ್ಲುಗಳು ಸಂಜೆಯಾದರೂ ಅಂಗಾಲಿಗೆ ಬಿಸಿ ತಾಗುತ್ತಿದ್ದವು. ತಂಗಡಿ ಗಿಡಗಳ ಹಳದಿ ಹೂ, ಒಣಹುಲ್ಲಿನ ವಾಸನೆ, ಕವಳಿ ಪೊದೆಯಲ್ಲಿ ಇನ್ನೂ ಹಸಿರಾಗಿದ್ದ ಕಾಯಿಗಳು. ಮದುವೆಯಾಗಿ ಅಷ್ಟು ವರ್ಷವಾದರೂ ಅವ್ವ ಆ ಗುಡ್ಡ ಹತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡು, "ಮನಿ ಹಿಂದ ಇಷ್ಟ ಗಾಳಿ ಇಟ್ಟಕೊಂಡು ಒಳಗ ಬೆಂದಿವಿ ನೋಡವಾ" ಎಂದು ಚಿಗವ್ವನಿಗೆ ಹೇಳಿದಳು.

ದವನದ ಹುಣ್ಣಿಮೆಯ ಸಂಜೆ ನಾವು ಗುಡ್ಡದ ನೆತ್ತಿಯಲ್ಲಿದ್ದೆವು. ಬೇರೆ ವರ್ಷಗಳಲ್ಲಿ ಅಷ್ಟು ಹೊತ್ತಿಗೆ ಎಲ್ಲಮ್ಮನ ಗುಡ್ಡದ ಕಡೆಯಿಂದ ಚೌಡಕಿಯ ಸದ್ದು, ಉಧೋ ಉಧೋ ಎನ್ನುವ ಕೂಗು, ಚಕ್ಕಡಿಗಳ ಗೆಜ್ಜೆ ನಮ್ಮ ಮನೆಯ ಅಂಗಳದ ತನಕ ಬರುತ್ತಿದ್ದವು. ಆ ಸಂಜೆ ನಾಯಿ ಕೂಡ ಬೊಗಳಲಿಲ್ಲ. ಒಂದು ಕಡೆ ಮಲಪ್ರಭೆಯ ಹಿನ್ನೀರು ತಗ್ಗಿ ತೆಳ್ಳಗೆ ಹೊಳೆಯುತ್ತಿತ್ತು, ಇನ್ನೊಂದು ಕಡೆ ಖಾಲಿ ಹಾದಿ, ಅದರ ಬದಿಗೆ ಸಾಲಾಗಿ ಮುಚ್ಚಿದ ತಗಡಿನ ಅಂಗಡಿಗಳು. ಚಂದ್ರ ಎದ್ದ. ಕಾಕಾ ಪಾರಿಯನ್ನು ಕೆಳಗಿಳಿಸಿ, ಆ ತಗಡುಗಳ ಕಡೆಗೆ ನೋಡುತ್ತ ಕಲ್ಲಿನ ಮೇಲೆ ಕುಳಿತವನು ಬಿಕ್ಕಿಬಿಕ್ಕಿ ಅತ್ತುಬಿಟ್ಟ. ದೊಡ್ಡವರು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಮುಂದೆ ಹೋಗಿದ್ದ ಅಪ್ಪ ಹಿಂದಕ್ಕೆ ಬಂದು, ಹೆಗಲ ಮೇಲಿನ ಟವೆಲ್ಲನ್ನು ತಮ್ಮನ ತೊಡೆಯ ಮೇಲೆ ಹಾಕಿದ. "ಸಣ್ಣಾವಿದ್ದಾಗ ಇದ ಕಲ್ಲಿನಿಂದ ಬಿದ್ದು ಹಿಂಗ ಅತ್ತಿದ್ದಿ" ಅಂದ. ಕಾಕಾ ಮೂಗೊರೆಸಿಕೊಂಡು, "ಬಿದ್ದಾವ ನೀನು. ನಾ ಬರೇ ಅತ್ತಾವ" ಅಂದ. ಚಿಗವ್ವ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕೆವು. ಇಳಿಯುವಾಗ ಅಣ್ಣ ತಮ್ಮ ಜೊತೆಗೇ ನಡೆದರು.

ಅಲ್ಲಿಂದ ಮುಂದಿನ ದಿನಗಳನ್ನು ಹೇಗೆ ಹೇಳಲಿ? ಅಂಥ ದಿನಗಳು ನನ್ನ ಪಾಲಿಗೆ ಮತ್ತೆ ಬಂದಿಲ್ಲ. ಬೆಳಿಗ್ಗೆ ಕಾಕಾ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿದ್ದ. ಅಂಗಡಿಯಲ್ಲಿ ಕೂತು ಮೆತ್ತಗಾದ ಅವನ ಕೈ ಗುಳ್ಳೆಯೆದ್ದರೆ ಅಪ್ಪ "ಸಾವಕಾರ್ರ ಕೈ ನೋಡ್ರಪಾ" ಎಂದು ಚೇಷ್ಟೆ ಮಾಡುತ್ತಿದ್ದ. ಮಧ್ಯಾಹ್ನ ಅವ್ವ ಮತ್ತು ಚಿಗವ್ವ ಒಂದೇ ಚಾಪೆಯ ಮೇಲೆ ಮಲಗಿ ಪಿಸುಗುಡುತ್ತಿದ್ದರು. ಆಯಿ ಕಾಯಿಗಳನ್ನು ಒಡೆದು ಮಾಳಿಗೆಯ ಮೇಲೆ ಒಣಹಾಕಿ, ಕಾಗೆ ಕಾಯಲು ನನ್ನನ್ನು ಕೂರಿಸುತ್ತಿದ್ದಳು. ಕವಳಿ ಹಣ್ಣು ಕಪ್ಪಾಗುವ ಹೊತ್ತಿಗೆ ಹಿಸೆಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ಇನ್ನು ಬೇರೆಯಾಗುವುದಿಲ್ಲ, ಪಾರಿ ನನ್ನ ಮಗ್ಗುಲಲ್ಲೇ ಮಲಗುತ್ತಾಳೆ, ಚಿಗವ್ವ ನನ್ನ ತಲೆ ಹಿಕ್ಕುತ್ತಾಳೆ ಎಂದು ನಾನು ನಂಬಿಬಿಟ್ಟಿದ್ದೆ. ಲೋಕವೆಲ್ಲ ಯಾವಾಗ ತೆರೆದೀತು ಎಂದು ಕಾಯುತ್ತಿದ್ದಾಗ, ತೆರೆಯದಿರಲಿ ತಾಯೀ ಎಂದು ನಾನು ಕೈಮುಗಿಯುತ್ತಿದ್ದೆ. ದೇವಿ ಯಾರ ಮಾತು ಕೇಳಬೇಕು?

ಕಾಯಿ ತೀರುತ್ತ ಬಂದವು. ಒಡೆದಿಟ್ಟ ಕೊಬ್ಬರಿ ಮೇ ತಿಂಗಳ ಸೆಕೆಗೆ ಕಮಟಾಗಿ ಮನೆಯೆಲ್ಲ ಅದೇ ನಾತ. ಕೊನೆಯ ಚೀಲವನ್ನು ಕಾಕಾ ತಾನೇ ಕೊಡವಿ, ಮಡಚಿ, ಜಂತಿಯ ಸಂದಿಗೆ ಸಿಕ್ಕಿಸಿದ. ಆ ದಿನದ ಊಟದಲ್ಲಿ ಅವನು ಒಂದೇ ರೊಟ್ಟಿಗೆ ಎದ್ದ. ಅವ್ವ ಅದನ್ನು ನೋಡಿದಳು. ಮಾರನೆಯ ದಿನ, ಅರ್ಧ ದಿನ ತೆರೆಯುತ್ತಿದ್ದ ಕಿರಾಣಿ ಅಂಗಡಿಗೆ ನನ್ನನ್ನು ಕಳಿಸಿ ಕಾಯಿ ತರಿಸಿದಳು, ಸೆರಗಿನ ಮರೆಯಲ್ಲಿ ಒಳಗೆ ಒಯ್ದಳು. ಊಟಕ್ಕೆ ಕುಳಿತಾಗ ಎಂದಿನ ದನಿಯಲ್ಲೇ, "ಮಲ್ಲೇಶಪ್ಪನ ಕಾಯಿ ಹಾಕೇನಿ, ಉಣ್ರಿ" ಅಂದಳು. ಬಾಯಿಗೆ ಒಯ್ದ ತುತ್ತನ್ನು ಕಾಕಾ ತಾಟಿಗೆ ಇಳಿಸಿದ. "ವೈನೀ, ನನ್ನ ಕಾಯಿ ನಿನ್ನೇನ ತೀರ್ಯಾವರಿ" ಅಂದ. ಅಣ್ಣನ ಹೆಂಡತಿಯೆಂದು ಅವ್ವನನ್ನು ಅವನು ಹಾಗೇ ಕರೆಯುತ್ತಿದ್ದ. "ಮೂಲ್ಯಾಗ ಒಂದ ಉಳದಿತ್ತಪಾ" ಎಂದು ಅವ್ವ ತಡವರಿಸಿದಳು. ಇಡೀ ಜನ್ಮದಲ್ಲಿ ಸುಳ್ಳು ಹೇಳಲು ಬಾರದ ಹೆಂಗಸು. ಕಾಕಾ ತಾಟು ಖಾಲಿ ಮಾಡಿ ಕೈ ತೊಳೆದ. ಅವಳು ಪ್ರೀತಿಯಿಂದಲೇ ಮಾಡಿದ್ದಳು. ಆದರೆ ತನ್ನ ಅನ್ನಕ್ಕೆ ಮನೆಯವರು ಮುಚ್ಚುಮರೆ ಮಾಡುವ ಹಾಗಾಯಿತಲ್ಲ ಎಂದು ಅವನಿಗೆ ಚುಚ್ಚಿತು. ಸಂಜೆ ಮೊಣಕಾಲು ನೋವೆಂದು ಗುಡ್ಡಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವನಿಲ್ಲದೆ ಅಪ್ಪನೂ ಹೊರಡಲಿಲ್ಲ. ಹಾಗೆ ನಮ್ಮ ಗುಡ್ಡ ಹತ್ತುವುದು ನಿಂತುಹೋಯಿತು.

ಬಸ್ಸು ಶುರುವಾದ ವಾರವೇ ಕಾಕಾ ಚಿಗವ್ವನ ತವರಾದ ನೇಸರಗಿಗೆ ಹೊರಟ. ಅಲ್ಲಿ ಸಂತೆಯಲ್ಲಿ ತರಕಾರಿ ಮಾರುತ್ತೇನೆ, ಗುಡಿ ತೆರೆಯುವ ತನಕ ಕೈಕಟ್ಟಿ ಕೂರಲಾರೆ ಅಂದ. ಅಪ್ಪ ಹೌಹಾರಿದ. "ನಾ ಏನರ ಅಂದೇನೇನೋ?"

"ಅಂದಿಲ್ಲಣ್ಣಾ. ನೀವು ಯಾರೂ ಏನೂ ಅನ್ನಲಿಲ್ಲಲ್ಲ, ಅದಕ್ಕ."

ಹಾಗಾದರೆ ಹಿರಿಯರನ್ನು ಕರೆಸಲೇ, ನಿನ್ನದು ನಿನಗೆ ಕೊಟ್ಟುಬಿಡಲೇ ಎಂದು ಅಪ್ಪ ಕೇಳಿದ. ಕಾಕಾ ಬೇಡವೆಂದ. ಗಳಿಸುವಾಗ ಎದೆ ಸೆಟೆಸಿ ಹಿಸೆ ಕೇಳಿದವನು, ಬರಿಗೈಯಲ್ಲಿ ಕೇಳಲಾರದೆ ಹೋದ. ಪಾರಿ ನನ್ನ ಲಂಗ ಹಿಡಿದುಕೊಂಡು ಬಿಡಲಿಲ್ಲ, ಅವಳ ಬೆರಳುಗಳನ್ನು ಚಿಗವ್ವ ಒಂದೊಂದಾಗಿ ಬಿಡಿಸಿದಳು. ಆಯಿ ಹೊರಗೆ ಬರಲೇ ಇಲ್ಲ. ಗೋಡೆ ಎಬ್ಬಿಸದೆ, ಕಾಗದ ಬರೆಯದೆ ನಮ್ಮ ಮನೆ ಅರ್ಧವಾಯಿತು. ಆಮೇಲೆ ಗುಡಿ ತೆರೆಯಿತು, ಮತ್ತೆ ಮಂದಿ ಬಂದರು, ಚೌಡಕಿಯೂ ಬಂತು. ಕಾಕಾನ ಅಂಗಡಿಯ ಜಾಗದಲ್ಲಿ ಅಷ್ಟರಲ್ಲಿ ಬೇರೆ ಯಾರೋ ಕುಳಿತಿದ್ದರು. ಹಬ್ಬಕ್ಕೆ ಬರುತ್ತೇನೆ ಅನ್ನುತ್ತಿದ್ದ, ಸಂತೆಯ ದಿನವೆಂದು ಬರುತ್ತಿರಲಿಲ್ಲ. ನೇಸರಗಿ ಏನು ಕಾಶಿಯೇ? ಆದರೂ ದೂರವಾಯಿತು.

ಆಯಿ ಹೋದ ವರ್ಷ ತೀರಿಕೊಂಡಳು. ಜ್ವರವೂ ಇಲ್ಲ, ರೋಗವೂ ಇಲ್ಲ, ಮುದುಕಿಗೆ ಸಾಕಾಗಿತ್ತು. ಮಣ್ಣು ಮಾಡಿ ಬಂದ ಮೇಲೆ ಊರ ಹಿರಿಯರು, ದೊಡವಾಡದ ಮಾವ, ಎಲ್ಲ ಪಡಸಾಲೆಯಲ್ಲಿ ಕುಳಿತಿದ್ದರು. ಯುಗಾದಿಗೆ ಬರಬೇಕಾಗಿದ್ದವರು ಈಗ ಬಂದಿದ್ದರು. ಎಲ್ಲರೂ ಸೇರಿದ್ದೇವೆ, ಹಿಸೆಯ ಮಾತನ್ನೂ ಮುಗಿಸಿಬಿಡೋಣ ಎಂದು ಮಾವ ಎತ್ತಿದ. ಕಾಕಾ ನೆಲ ನೋಡುತ್ತ, "ನಂದೇನೂ ಇಲ್ರಿ ಇದರಾಗ, ಅಣ್ಣಾ ಹೆಂಗ ಅಂತಾನ ಹಂಗ" ಅಂದ. ಅಪ್ಪ ಎದ್ದು ಹೊರಗೆ ಹೋದ. ಮಾತು ಅಲ್ಲಿಗೇ ನಿಂತಿತು.

ನಾನೂ ಅವ್ವನೂ ಅಡುಗೆಮನೆಯಲ್ಲಿದ್ದೆವು. ನೇಸರಗಿಯ ಕಡೆಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಕಾಕಾ ಬಂದು ಹೊಸ್ತಿಲ ಆಚೆ ನಿಂತ. ನೀರಿನ ಕೊಡ ಅವನಿಂದ ಒಂದು ಹೆಜ್ಜೆ ಒಳಗಿತ್ತು. ಹೊಲದಿಂದಲೋ ಅಂಗಡಿಯಿಂದಲೋ ಬಂದವನು ಯಾರನ್ನೂ ಕೇಳದೆ ಚರಿಗೆ ಅದ್ದಿ, ಅರ್ಧ ಕುಡಿದು ಅರ್ಧ ಮೈಮೇಲೆ ಚೆಲ್ಲಿಕೊಂಡು ಅವ್ವನಿಂದ ಬೈಸಿಕೊಳ್ಳುತ್ತಿದ್ದ ಕಾಕಾ ಅವನೇ. ಅವನು ಅಲ್ಲೇ ನಿಂತು, "ವೈನೀ, ಒಂದ ಚರಿಗಿ ನೀರ ಕೊಡ್ತೀರೇನ್ರಿ?" ಎಂದು ಕೇಳಿದ.

ಅವ್ವ ಕೊಟ್ಟಳು. ಅವನು ನಿಂತಲ್ಲೇ, ಒಂದು ಹನಿಯೂ ಚೆಲ್ಲದೆ ಕುಡಿದು, ಚರಿಗೆಯನ್ನು ಹೊಸ್ತಿಲ ಮೇಲೆ ಇಟ್ಟು, "ಬರತೇನ್ರಿ" ಎಂದು ಹೇಳಿ ಹೋದ. ಅವ್ವ ಗೋಡೆಗೆ ಒರಗಿ ಕುಸಿದು ಕುಳಿತಳು. ಆಯಿ ಸತ್ತಾಗ ಕೂಡ ಅವಳು ಹಾಗೆ ಅತ್ತಿರಲಿಲ್ಲ.

"ಹಿಸೆ ಆಗೇ ಹೋತಲ್ಲವಾ," ಅಂದಳು.