ಅಯ್ಯನವರು ಹೇಳದ ಉಪವಾಸ

ಶರಣಮ್ಮ, ಆ ಉಪವಾಸವನ್ನು ನಮ್ಮ ಮನೆಗೆ ಬರುವ ಜಂಗಮ ಅಯ್ಯನವರು ಹೇಳಿರಲಿಲ್ಲ. ನಾನೇ ಕಟ್ಟಿ ಹೇಳಿದ್ದು — ಜೋಳ ಉಳಿಸಲು. ಮೂವತ್ತು ವರ್ಷದಿಂದ ಈ ಮಾತು ನನ್ನ ಗಂಟಲಿನಲ್ಲೇ ನಿಂತಿದೆ.

ನೀನು ಡಾಬಕಾದಿಂದ ಭಾಲ್ಕಿಯ ಈ ಮನೆಗೆ ಕಿರಿಯ ಸೊಸೆಯಾಗಿ ಬಂದ ವರ್ಷವೇ ನಿನ್ನ ಗಂಡ, ನನ್ನ ಮೈದುನ, ಹೈದರಾಬಾದಿನ ಗಿರಣಿ ಕೆಲಸಕ್ಕೆ ಹೋದ. ಆಗಿನ್ನೂ ಈ ಕಡೆ ರೈಲು ಬಂದಿರಲಿಲ್ಲ. ಹೋದವರ ಸುದ್ದಿ ಗಾಡಿಯವರ ಬಾಯಿಂದಲೇ ಬರಬೇಕು. ಅದೂ ಬರಲಿಲ್ಲ. ಇತ್ತ ಮಾವನವರು ಉಗ್ರಾಣದ ಕೀಲಿಕೈ ನನಗೆ ಕೊಟ್ಟು, ಇದ್ದ ಕಾಳನ್ನು ಸುಗ್ಗಿಯ ತನಕ ಮುಟ್ಟಿಸಬೇಕು ಎಂದಿದ್ದರು. ಹನ್ನೊಂದು ಬಾಯಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ನನಗೆ ಗೊತ್ತಿತ್ತು, ಆ ಜಾಣತನದ ಸೊಕ್ಕೂ ಇತ್ತು. ನೀನೋ ಹೊಲದಲ್ಲಿ ದುಡಿದು ಬೆಳೆದವಳು — ಕೂತರೆ ನಾಲ್ಕು ರೊಟ್ಟಿ. ಕಡಿಮೆ ತಿನ್ನು ಎನ್ನಲು ನಾಲಿಗೆ ಏಳಲಿಲ್ಲ. ಜಿಪುಣಿ ಅನ್ನಿಸಿಕೊಳ್ಳುವ ಭಯ. ಅದಕ್ಕೇ ದೇವರನ್ನು ನಡುವೆ ತಂದೆ.

"ಅಯ್ನೋರು ಹೇಳ್ಯಾರ, ಸೋಮವಾರ ಬಾಯಿಗಿ ಏನೂ ಹಾಕೋಬ್ಯಾಡ. ನಿನ್ನ ಗಂಡ ಸುಖರೂಪ ಬರ್ತಾನ."

ನೀನು ಮರುಮಾತಾಡದೆ ಒಪ್ಪಿದೆ. ಎರಡು ತಿಂಗಳಿಗೆ ನಾನು ಗುರುವಾರವನ್ನೂ ಸೇರಿಸಿದೆ, ಅದೂ ಅಯ್ಯನವರ ಹೆಸರಿನಲ್ಲೇ. ಕಾಳು ಸುಗ್ಗಿಗೆ ಮುಟ್ಟಿತು. ಮಾವನವರು ಬಂದವರೆದುರೆಲ್ಲ ನನ್ನ ಕೈಹಿಡಿತವನ್ನು ಹೊಗಳಿದರು. ನಾನು ಹಿಗ್ಗಿದೆ.

ಆಮೇಲೆ ಮೈದುನ ನಿಜವಾಗಿಯೂ ಬಂದುಬಿಟ್ಟ.

ನೀನು ನನ್ನ ಕಾಲಿಗೆ ಬಿದ್ದೆ. ಬಸುರಾದ ಮೇಲೂ ಉಪವಾಸ ಬಿಡಲಿಲ್ಲ. ಮುಖ ಬಿಳಿಚಿಕೊಂಡು, ಗೋಡೆ ಹಿಡಿದು ನಡೆಯುತ್ತಿದ್ದೆ. ಆಗ ಮನೆಯಲ್ಲಿ ಕಾಳು ಬೇಕಾದಷ್ಟಿತ್ತು. ಸಾಕು ಬಿಡು ಎಂದು ನಾನೇ ಬೇಡಿಕೊಂಡೆ.

"ಹ್ಯಾಂಗ ಬಿಡ್ಲಿರಿ ಅಕ್ಕಾ? ಅವರಿಗಿ ತಿರುಗಿ ತಂದಿದ್ದೇ ಅದು."

ಅಲ್ಲೇ ಹೇಳಬಹುದಿತ್ತು. ಒಂದೇ ಮಾತು. ಆದರೆ ಮಾವನವರು ಪಡಸಾಲೆಯಲ್ಲಿ ಕೂತಿದ್ದರು, ಕೀಲಿಕೈ ನನ್ನ ಸೊಂಟದಲ್ಲಿತ್ತು, ನಾನು — ಸುಮ್ಮನಾದೆ.

ಕೂಸು ಏಳು ತಿಂಗಳಿಗೇ ಹುಟ್ಟಿತು. ಹೆಣ್ಣು. ಅಳಲಿಲ್ಲ. ಉಪವಾಸದಿಂದಲೇ ಹೋಯಿತು ಎಂದು ಯಾರು ಹೇಳಬಲ್ಲರು? — ಹೀಗೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಪ್ರಶ್ನೆಯೂ ಒಂದು ನೆಪವೇ. ಆಮೇಲೆ ನಿನ್ನ ಮಡಿಲು ತುಂಬಲೇ ಇಲ್ಲ.

ಕೂಸು ಹೋದ ಮೂರನೆಯ ದಿನ ನೀನು ನನ್ನ ಸೆರಗು ಹಿಡಿದೆ. ಒಂದು ಗುರುವಾರ ಹಸಿವು ತಡೆಯಲಾರದೆ ಬೆಲ್ಲದ ಚೂರು ತಿಂದಿದ್ದೆನೆಂದು, ಆ ಪಾಪಕ್ಕೇ ಕೂಸು ಹೋಯಿತೆಂದು ಬಿಕ್ಕಿದೆ. ಶಿವ ಕ್ಷಮಿಸುತ್ತಾನೆಯೇ ಎಂದು ಕೇಳಿದೆ. ನಾನು ನಿನ್ನ ತಲೆ ಸವರಿದೆ.

"ಕ್ಷಮಸ್ತಾನ. ಇನ್ನೊಮ್ಮಿ ಹಂಗ ಮಾಡಬ್ಯಾಡ."

ಹೀಗೆ ಹೇಳಿದ ಬಾಯಿ ಇದು, ಶರಣಮ್ಮ. ಈಗಲೂ ಸೋಮವಾರ, ಗುರುವಾರ ನೀನು ಒಲೆಯ ಮುಂದೆ ಕೂತು ನಮಗೆಲ್ಲ ರೊಟ್ಟಿ ಬಡಿದು, ಬರಿಹೊಟ್ಟೆಯಲ್ಲಿ ಏಳುವಾಗ ನಾನು ಆ ಕಡೆ ನೋಡುವುದಿಲ್ಲ.

ಮೊನ್ನೆ ನನ್ನ ಬಸುರಿ ಸೊಸೆಗೆ ನೀನು ಅದೇ ಉಪವಾಸ ಹೇಳಿಕೊಡುತ್ತಿದ್ದೆ. ಬೆಲ್ಲವನ್ನು ಕೂಡ ಮುಟ್ಟಬೇಡ ಎನ್ನುತ್ತಿದ್ದೆ. ನಾನು ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿದೆ. ಈಗ ಮನಸ್ಸಿನಲ್ಲೇ ನಿನಗೆ ಹೇಳಿದ್ದನ್ನು ನಾಳೆ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿಬಿಡುತ್ತೇನೆ. ಇದನ್ನು ಧೈರ್ಯ ಎಂದು ನೀನು ತಿಳಿಯಬಾರದು. ನನ್ನ ಮೊಮ್ಮಗುವಿಗಾಗಿ ನನಗೆ ಬಾಯಿ ಬಂತು. ನಿನ್ನ ಮಗಳಿಗಾಗಿ ಬಂದಿರಲಿಲ್ಲ.