ಕ್ವಾರ್ಟರ್‌ಬ್ಯಾಕ್ ಹುಡುಗನಿಗೆ ಎರಡು ವರ್ಷ

ಅಮೆರಿಕದ ಡೆಟ್ರಾಯಿಟ್ ಬಳಿಯ ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದು ನನ್ನ ಗಂಡನನ್ನೂ ಅವರ ಧಾರವಾಡದ ಗೆಳೆಯರೊಬ್ಬರನ್ನೂ ಒಟ್ಟಿಗೇ ಕೆಲಸದಿಂದ ತೆಗೆದಿತ್ತು. ಆದರೂ ಪ್ರತಿ ಭಾನುವಾರ ಇಬ್ಬರೂ ನಮ್ಮ ಮನೆಯಲ್ಲಿ ಕೂತು ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುತ್ತಿದ್ದರು. ಡೆಟ್ರಾಯಿಟ್ ತಂಡ ಸೋಲುತ್ತಲೇ ಇತ್ತು. ಆ ದಿನವೂ, ತಂಡದ ಆಟ ನಡೆಸುವ ಎಳೆಯ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡು ಎದುರಾಳಿಯ ಕೈಸೇರಿತು.

"ಇವನ ಕೈಲಾಗಲ್ಲ, ತೆಗೀಬೇಕು," ಎಂದರು ನನ್ನ ಗಂಡ.

"ಹೊಸಾ ಕೋಚ್ ಈಗಷ್ಟ ಬಂದಾನ್ರೀ. ಹುಡುಗ ಕಲೀತಾನ, ಎರಡು ವರ್ಷ ಟೈಮ್ ಕೊಡ್ರಿ," ಎಂದರು ಗೆಳೆಯರು.

"ನಮಗೆ ಯಾರು ಕೊಟ್ರು?"

ಗೆಳೆಯರು ಪಂದ್ಯ ಮುಗಿಯುವ ಮೊದಲೇ ಎದ್ದು ಕೋಟು ಹಾಕಿಕೊಂಡರು. ಬಾಗಿಲ ಬಳಿ ನನಗಷ್ಟೇ ಕೇಳುವಂತೆ, "ಧಾರವಾಡಕ್ಕ ವಾಪಸ್ ಹೊಂಟೀವ್ರಿ ವೈನಿ. ಅವರಿಗೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ," ಎಂದರು.

ಒಳಗೆ ಹೋಗಿ ನಾನೇ ಹೇಳಿದೆ. ನನ್ನ ಗಂಡ ಟಿವಿ ಆರಿಸಿದರು. ಆ ಚಳಿಗಾಲ ಮತ್ತೆ ಪಂದ್ಯ ನೋಡಲೇ ಇಲ್ಲ.